ವಸ್ತಿಗೂ ವಸತಿಗೂ ನಡುವೆ ಕಳೆದುಹೋದ ನಲವತ್ತಾರು ಮನೆಗಳು

ನಮ್ಮ ತಾಲೂಕಿನ ಮುಂದಿನ ಇಪ್ಪತ್ತು ವರ್ಷಕ್ಕೆ ಈಗಲೇ ಬಣ್ಣ ಹಚ್ಚುತ್ತಿರುವ ಮಾನ್ಯ ಯೋಜನಾಧಿಕಾರಿ ಸಾಹೇಬರೇ,

ನಮ್ಮ ವಸ್ತಿಯ ಹತ್ತೊಂಬತ್ತು ಕೂಸುಗಳಿಗೆಂದು ಮಂಜೂರಾಗಿದ್ದ ಅಂಗನವಾಡಿ ಕಟ್ಟಡವನ್ನು ತಾವು ನಾಲ್ಕು ಕಿಲೋಮೀಟರ್ ಆಚೆ, ಒಂದು ಕೂಸೂ ಇಲ್ಲದ ಬರೀ ಕಲ್ಲಿನ ಮಡ್ಡಿಗೆ ಎತ್ತಿ ಹಾಕಿದ್ದೀರಿ. ಯಾಕೆ ಎಂದು ಕೇಳಿದರೆ, ತಮ್ಮ ನಕಾಶೆಯಲ್ಲಿ ನಮ್ಮ ವಸ್ತಿ ಇಲ್ಲವಂತೆ, ಮಡ್ಡಿಯ ಮೇಲೆ ಮಾತ್ರ ದೊಡ್ಡದೊಂದು ಊರೇ ಇದೆಯಂತೆ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಐವತ್ತು ವರ್ಷ ಮನೆ ಕಟ್ಟುವ ಗೌಂಡಿ ಕೆಲಸ ಮಾಡಿದ್ದೇನೆ. ಕಾಗದದ ಮೇಲಿನ ಗೆರೆ ನೋಡಿ ನೆಲದ ಮೇಲೆ ಸುಣ್ಣದ ಗೆರೆ ಹಾಕುವುದೇ ನನ್ನ ಹೊಟ್ಟೆಪಾಡು. ಕಾಗದದಲ್ಲಿ ಬಾಗಿಲು ಇರುವ ಕಡೆ ನೆಲದಲ್ಲಿ ಬಾವಿ ಇದ್ದರೆ, ನಾವು ಮಾಲಕರನ್ನು ಕರೆದು ಕಾಗದ ತಿದ್ದಿಸುತ್ತೇವೆ. ಬಾವಿಯೊಳಗೆ ಬಾಗಿಲು ಕೂರಿಸುವುದಿಲ್ಲ. ತಮ್ಮ ಕಚೇರಿಯಲ್ಲಿ ಇದರ ಉಲ್ಟಾ ಪದ್ಧತಿ ಇದ್ದಂತಿದೆ. ಕಾಗದ ಸರಿಯಾಗಿಯೇ ಇರುತ್ತದೆ, ತಪ್ಪಿದ್ದರೆ ಅದು ನೆಲದ್ದು. ಅದಕ್ಕೇ ತಾವು ಸಾಹೇಬರು, ನಾನು ಗೌಂಡಿ.

ಪತ್ರಿಕೆಯಲ್ಲಿ ಅಚ್ಚಾಗುವ ಈ ಪತ್ರವನ್ನು ಬೇರೆ ಜಿಲ್ಲೆಯವರೂ ಓದಬಹುದು, ತಮ್ಮಂಥ ದೂರದಿಂದ ಬಂದ ದೊಡ್ಡವರೂ ಓದಬಹುದು. ಆದ್ದರಿಂದ ವಸ್ತಿ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ನಮ್ಮ ಕಡೆ ಊರುಗಳ ಸೀಮೆ ದೊಡ್ಡದು. ಹೊನವಾಡದಲ್ಲಿ ಮನೆ, ಬಿಜ್ಜರಗಿ ಹದ್ದಿಗೆ ಹೊಲ ಎಂದರೆ ಹೋಗಿ ಬರುವುದರಲ್ಲೇ ಅರ್ಧ ದಿನ ಮುಗಿಯುತ್ತದೆ. ಹಿಂದೆ ಬೆಳೆ ಕಾಯಲು ಮನೆಯವನೊಬ್ಬ ಹೊಲದಲ್ಲೇ ಮಲಗುತ್ತಿದ್ದ. ಅದಕ್ಕೆ ವಸ್ತಿ ಹೋಗುವುದು ಎನ್ನುತ್ತಿದ್ದರು. ಬಾವಿ ತೋಡಿದ ಮೇಲೆ ಹೆಂಡತಿಯೂ ಬಂದಳು, ಎಮ್ಮೆಯೂ ಬಂತು. ಮಗನ ಮದುವೆ ಆಯಿತು, ಇನ್ನೊಂದು ಮನೆ ಎದ್ದಿತು. ಬಾಜೂ ಹೊಲದವರೂ ಹಾಗೇ ಬಂದರು. ನನ್ನ ಅಜ್ಜ ಒಂದು ಬಾವಿ ತೋಡಿದ, ಬಾಜೂ ಹೊಲದ ಗುರುಸಿದ್ದವ್ವನ ಗಂಡನ ಅಜ್ಜ ಅದರ ಮಗ್ಗುಲಲ್ಲೇ ಇನ್ನೊಂದು ತೋಡಿದ. ಹೀಗಾಗಿ ಜೋಡಬಾವಿ ವಸ್ತಿ. ನಾನು ಹುಟ್ಟಿದ್ದು ಅಲ್ಲೇ. ನನಗೀಗ ಎಪ್ಪತ್ತೊಂದು. ನನ್ನ ಮರಿಮೊಮ್ಮಗಳು ಸುರೈಯಾ ಹುಟ್ಟಿದ್ದೂ ಅಲ್ಲೇ. ನನ್ನ ಅಜ್ಜ ಒಂದು ರಾತ್ರಿಯ ಮಟ್ಟಿಗೆ ವಸ್ತಿಗೆ ಬಂದದ್ದು ಖರೆ. ಆ ರಾತ್ರಿ ತಮ್ಮ ಕಚೇರಿಗೆ ಇನ್ನೂ ಬೆಳಗಾಗಿಲ್ಲ, ಅಷ್ಟೇ.

ಈಗ ನಲವತ್ತಾರು ಮನೆಗಳಿವೆ. ವೋಟು ಕೇಳುವವರಿಗೆ ನಮ್ಮ ಬಂಡಿದಾರಿ ಗೊತ್ತು. ಪೋಲಿಯೋ ಹನಿ ಹಾಕುವವರಿಗೆ ಗೊತ್ತು. ಕರೆಂಟ್ ಬಿಲ್ಲು ಕೊಡುವವನಿಗಂತೂ ನಮ್ಮ ನಾಯಿಗಳ ಹೆಸರೂ ಗೊತ್ತು. ವೋಟರ್ ಯಾದಿಯಲ್ಲಿ ವಸ್ತಿ ಎಂದೇ ಬರೆದಿದೆ, ರೇಶನ್ ಕಾರ್ಡಿನಲ್ಲಿ ವಸ್ತಿ ಎಂದೇ ಇದೆ. ಇಡೀ ಸರಕಾರದಲ್ಲಿ ನಾವು ಇರುವುದು ಗೊತ್ತಿಲ್ಲದ್ದು, ನಾವು ಹೇಗಿರಬೇಕು ಎಂದು ತೀರ್ಮಾನಿಸುವ ಕಚೇರಿಗೆ ಮಾತ್ರ.

ಹೋದ ವರ್ಷ ತಮ್ಮ ಕಚೇರಿಯವರು ಟಿಕೋಟಾದಲ್ಲಿ ಕರಡು ಯೋಜನೆಯ ನಕಾಶೆ ತೂಗುಹಾಕಿದ್ದರು. ಸಾರ್ವಜನಿಕರು ಅರವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂದು ಹೇಳಿದರು. ದೊಡ್ಡ ಮನಸ್ಸು. ನಕಾಶೆಯನ್ನು ಎರಡು ಕಪಾಟುಗಳ ನಡುವಿನ ಸಂದಿಯಲ್ಲಿ ತೂಗುಹಾಕಿದ್ದರಿಂದ ಒಂದು ಸಲಕ್ಕೆ ಒಬ್ಬ ಸಾರ್ವಜನಿಕ ಮಾತ್ರ, ಅದೂ ಅಡ್ಡ ನಿಂತು, ನೋಡಲು ಸಾಧ್ಯವಿತ್ತು. ನಾನು ಅಡ್ಡ ನಿಂತೆ. ನಮ್ಮ ಎರಡೂ ಬಾವಿಗಳು ಇದ್ದವು, ಎರಡು ನೀಲಿ ಚುಕ್ಕೆ. ಖುಷಿಯಾಯಿತು. ಸುತ್ತ ಎಲ್ಲ ಹಸಿರು ಬಣ್ಣ. ಹಸಿರು ಎಂದರೆ ಹೊಲ, ಅಲ್ಲಿ ಯಾರೂ ಇರುವುದಿಲ್ಲ. ಬಾವಿ ಇದೆ, ನೀರು ಸೇದುವವರಿಲ್ಲ. ನಮ್ಮ ಮನೆಗಳಿಗೆ ಪತ್ರಾಸಿನ ಮಾಡು. ಆಕಾಶದಿಂದ ಫೋಟೋ ತೆಗೆದವರು ತಗಡಿನ ಮಾಡು ಕಂಡದ್ದನ್ನೆಲ್ಲ ಹೊಲದ ಶೆಡ್ಡು ಎಂದು ಬರೆದುಕೊಂಡಿದ್ದಾರಂತೆ. ನಲವತ್ತಾರು ಶೆಡ್ಡು. ಇಷ್ಟೊಂದು ಶೆಡ್ಡು ಯಾಕೆ ಬೇಕು ಇವರಿಗೆ, ಒಳಗೇನು ತುಂಬಿಟ್ಟಿದ್ದಾರೆ ಎಂದಾದರೂ ಯಾರಿಗೂ ಅನುಮಾನ ಬರಲಿಲ್ಲವೇ? ಒಂದೇ ಒಂದು ಕಟ್ಟಡವನ್ನು ಮಾತ್ರ ತಾವು ಕಟ್ಟಡ ಎಂದು ಒಪ್ಪಿಕೊಂಡಿದ್ದೀರಿ. ಅದು ನಮ್ಮ ವಸ್ತಿಯ ಶಿವಯೋಗೆಪ್ಪನ ಒಣದ್ರಾಕ್ಷಿ ಶೆಡ್ಡು. ಅಂದರೆ ಮನೆಗಳು ಶೆಡ್ಡು, ಶೆಡ್ಡು ಕಟ್ಟಡ. ನಾನು ಓದಿದವನಲ್ಲ, ತಾವೇ ಅರ್ಥ ಮಾಡಿಸಬೇಕು.

ನಾನು ಆಕ್ಷೇಪಣೆ ಬರೆದೆ. ಸ್ವಂತ ಕೈಯಿಂದ ಬರೆದೆ, ಮೂರು ದಿನ ಹಿಡಿಯಿತು. "ನಮ್ಮದು ಜೋಡಬಾವಿ ವಸ್ತಿ ಇದ್ದು, ಸದರಿ ವಸ್ತಿಯನ್ನು ನಕಾಶೆಯಲ್ಲಿ ತೋರಿಸಬೇಕು" ಎಂದಿಷ್ಟೇ. ನಲವತ್ತಾರು ಮನೆಯವರದೂ ಸಹಿ, ಹೆಬ್ಬೆಟ್ಟು. ನಾಲ್ಕು ತಿಂಗಳ ಮೇಲೆ ತಮ್ಮ ಉತ್ತರ ಬಂತು. ಅದರ ಒಂದು ಸಾಲನ್ನು ಇಲ್ಲಿ ಇದ್ದಂತೆಯೇ ಕೊಡುತ್ತೇನೆ, ನನ್ನ ಕಡೆಯಿಂದ ಒಂದು ಅಕ್ಷರವೂ ಸೇರಿಲ್ಲ: "ಅರ್ಜಿಯಲ್ಲಿ ನಮೂದಿಸಿರುವ ವಸ್ತಿ ಎಂಬುದು ರಾತ್ರಿ ವೇಳೆ ತಾತ್ಕಾಲಿಕ ತಂಗುವಿಕೆಯನ್ನು ಸೂಚಿಸುವ ಪದವಾಗಿದ್ದು, ಶಾಶ್ವತ ಜನವಸತಿಯ ವ್ಯಾಪ್ತಿಗೆ ಬಾರದ ಕಾರಣ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ."

ಓದಿ ನನಗೆ ಮೊದಲು ನಗು ಬಂತು, ಆಮೇಲೆ ಬಂದದ್ದನ್ನು ಪತ್ರಿಕೆಯವರು ಅಚ್ಚು ಮಾಡುವುದಿಲ್ಲ. ತಮ್ಮ ಕಚೇರಿಯಲ್ಲಿ ಯಾರೋ ಪುಣ್ಯಾತ್ಮರು ಬಸ್‌ ಸ್ಟ್ಯಾಂಡಿನಲ್ಲಿ "ವಸ್ತಿ ಬಸ್ಸು" ಎಂಬ ಮಾತು ಕೇಳಿರಬೇಕು. ರಾತ್ರಿ ಹಳ್ಳಿಯಲ್ಲಿ ನಿಂತು ಬೆಳಿಗ್ಗೆ ತಿರುಗಿ ಬರುವ ಬಸ್ಸಿಗೆ ನಾವು ಹಾಗೆನ್ನುತ್ತೇವೆ. ಅಲ್ಲಿಗೆ ಅವರ ಭಾಷಾಜ್ಞಾನ ಪೂರ್ತಿಯಾಯಿತು. ಜೋಡಬಾವಿ ವಸ್ತಿ ಎಂದರೆ ನಲವತ್ತಾರು ಬಸ್ಸುಗಳು ರಾತ್ರಿ ಬಂದು ನಿಲ್ಲುವ ಜಾಗ ಎಂದು ತಿಳಿದುಕೊಂಡರೋ ಏನೋ.

ವಿಜಯಪುರದ ತಮ್ಮ ಕಚೇರಿಗೆ ಹೋದೆ. ತಮ್ಮ ಭೇಟಿ ಆಗಲಿಲ್ಲ. ತಾವು ಮೀಟಿಂಗಿನಲ್ಲಿದ್ದಿರಿ. ದಕ್ಷಿಣದ ಕಡೆಯ ಒಬ್ಬ ಹುಡುಗ ಅಧಿಕಾರಿ ಸಿಕ್ಕರು, ಒಳ್ಳೆಯವರು, ಕೂತುಕೊಳ್ಳಿ ಎಂದರು. ನನ್ನ ಅರ್ಜಿ ತೆಗೆದು ನೋಡಿ ಮುಖ ಅರಳಿಸಿದರು.

"ಯಜಮಾನ್ರೇ, ಏನಿಲ್ಲ, ಇದು ಸ್ಪೆಲ್ಲಿಂಗ್ ತಪ್ಪು. ವಸ್ತಿ ಅಲ್ಲ, ವಸತಿ ಅಂತ ಬರೀಬೇಕಿತ್ತು. ನೋಡಿ, ಸ-ಗೆ ತ ಒತ್ತು ಕೊಟ್ಬಿಟ್ಟಿದ್ದೀರಿ."

"ತಪ್ಪಲ್ರೀ ಸಾಹೇಬ್ರ, ಅದು ನಮ್ಮ ಊರ ಹೆಸರು," ಎಂದೆ.

"ಇರಬಹುದು. ಆದ್ರೆ ನಮ್ಮಲ್ಲಿ ಆ ಶಬ್ದಕ್ಕೆ ಬಣ್ಣ ಇಲ್ಲ. ವಸತಿಗೆ ಹಳದಿ ಇದೆ."

"ಹಂಗಾರ ವಸತಿ ಅಂತ ಬರ್ದ ಕೊಡ್ಲೇನ್ರಿ? ಹಳದಿ ಹಚ್ತೀರೇನು?"

ಅವರು ಅರ್ಜಿಯನ್ನು ಮೇಜಿನ ಮೇಲಿಟ್ಟರು. "ವಸತಿ ಅಂತ ಬರೆದ್ರೆ ಅದು ಆಕ್ಷೇಪಣೆ ಆಗಲ್ಲ. ಕೃಷಿ ಜಮೀನನ್ನ ವಸತಿಗೆ ಬದಲಾಯಿಸೋ ಕೋರಿಕೆ ಆಗುತ್ತೆ. ಅದಕ್ಕೆ ಬೇರೆ ನಮೂನೆ. ಒಬ್ಬೊಬ್ಬ ಮಾಲೀಕರೂ ಬೇರೆ ಬೇರೆ ಕೊಡಬೇಕು. ಅದಲ್ದೆ, ಮನೆ ಕಟ್ಟೋಕೆ ಮುಂಚೆ ಕೊಡಬೇಕು."

"ಮನಿ ಕಟ್ಟಿ ಎಂಬತ್ತ ವರ್ಷ ಆತಲ್ರಿ."

"ಹಾಗಾದ್ರೆ ಅನಧಿಕೃತ ಆಗುತ್ತೆ. ಬೇಡ ಯಜಮಾನ್ರೇ, ಅದನ್ನ ನೀವು ಬಾಯಲ್ಲಿ ಹೇಳಿದ್ದು ನಾನು ಕೇಳಿಸಿಕೊಂಡಿಲ್ಲ ಅಂದ್ಕೊಳ್ಳಿ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತನ್ನ ಕೈಯಲ್ಲಿದ್ದಷ್ಟು ಉಪಕಾರ ಮಾಡಿದ, ಕೇಳಿಸಿಕೊಳ್ಳದೆ ಬಿಟ್ಟ. ಆದರೆ ಈ ಚಂದ ನೋಡಿ. ಒತ್ತು ಕೊಟ್ಟರೆ ನಾವು ಇಲ್ಲ. ಒತ್ತು ತೆಗೆದರೆ ಇದ್ದೇವೆ, ಆದರೆ ಕಳ್ಳರು. ಒಂದು ಅಕ್ಷರದ ಬುಡದಲ್ಲಿ ನಲವತ್ತಾರು ಸಂಸಾರಗಳನ್ನು ಹುಗಿಯುವ ಹಾರಿ, ಸಲಿಕೆ ತಮ್ಮಲ್ಲಿ ಬಿಟ್ಟು ಬೇರೆ ಯಾರಲ್ಲಿದೆ?

ಇರಲಿ, ನಕಾಶೆಯಲ್ಲಿ ಇಲ್ಲದಿದ್ದರೆ ಅನ್ನ ಇಳಿಯುವುದಿಲ್ಲವೇ ಎಂದು ತಾವು ಕೇಳಬಹುದು. ಇಳಿಯುತ್ತಿತ್ತು. ನಾವೂ ಸುಮ್ಮನಿರುತ್ತಿದ್ದೆವು. ಅಷ್ಟರಲ್ಲಿ ಅಂಗನವಾಡಿಯ ಮಾತು ಬಂತು.

ನಮ್ಮ ವಸ್ತಿಯ ಅಂಗನವಾಡಿ ಐದು ವರ್ಷದಿಂದ ಶಿವಯೋಗೆಪ್ಪನ ಆ ಒಣದ್ರಾಕ್ಷಿ ಶೆಡ್ಡಿನಲ್ಲೇ ನಡೆಯುತ್ತಿದೆ. ಬಾಡಿಗೆ ಇಲ್ಲ, ಅವನ ದೊಡ್ಡತನ. ಶಮಾ ಎಂಬ ನಮ್ಮ ವಸ್ತಿಯ ಸೊಸೆಯೇ ಅಲ್ಲಿ ಟೀಚರು. ಎಂಟು ತಿಂಗಳು ತೊಂದರೆ ಇಲ್ಲ. ಆದರೆ ದ್ರಾಕ್ಷಿ ಕೊಯ್ಲು ಶುರುವಾದರೆ ಶೆಡ್ಡು ಅದರ ಒಡೆಯನಿಗೆ ಬೇಕು. ಬಲೆಯ ಅಂತಸ್ತುಗಳ ಮೇಲೆ ಹಸಿ ದ್ರಾಕ್ಷಿ ಹರವುತ್ತಾರೆ. ಆಗ ಹತ್ತೊಂಬತ್ತು ಮಕ್ಕಳು ಹೊರಗೆ, ಬೇವಿನ ಗಿಡದ ಕೆಳಗೆ. ಅವನನ್ನು ತಪ್ಪೆನ್ನಲಾದೀತೇ? ವರ್ಷದ ಬೆಳೆ ಅದು.

ಈ ಸಲ ಮಾರ್ಚಿನಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಜೇನುಹುಳಗಳು ಎದ್ದವು. ಸಿಹಿ ವಾಸನೆಗೆ ಶೆಡ್ಡಿಗೆ ಬರುವುದು ಅವುಗಳ ರೂಢಿ. ಆ ದಿನ ಯಾಕೆ ಕೆರಳಿದವೋ ಗೊತ್ತಿಲ್ಲ. ಶಮಾ ಮಕ್ಕಳ ಮೇಲೆ ಜಮಖಾನೆ ಹೊದಿಸಿ ತಾನು ಅದರ ಮೇಲೆ ಕೈಕಾಲು ಚಾಚಿ ಬಿದ್ದಳು. ಹದಿನೆಂಟು ಮಕ್ಕಳು ಒಳಗೆ ಉಳಿದವು. ಒಂದು ಕೂಸು ಹೊರಗೆ ಓಡಿತು. ಅದು ಸುರೈಯಾ. ಮೂರೂವರೆ ವರ್ಷ. ನಾನು ಹೋಗಿ ನೋಡುವಾಗ ಕೂಸಿನ ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ದಪ್ಪ ಬದನೆಕಾಯಿಯಂತಾಗಿತ್ತು. ಶಿವಯೋಗೆಪ್ಪನೇ ಮೋಟರ್‌ಸೈಕಲ್ ತೆಗೆದ. ಟಿಕೋಟಾ ಮುಟ್ಟುವವರೆಗೆ ಕೂಸು ಅಳಲಿಲ್ಲ. ಮಾನ್ಯರೇ, ಕೂಸು ಅತ್ತರೆ ನನಗೆ ಹೆದರಿಕೆ ಇಲ್ಲ. ಡಾಕ್ಟರು ಸೂಜಿ ಚುಚ್ಚಿದ ಮೇಲೆ ಅತ್ತಿತು, ಆಗ ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತೆ. ಈಗ ಕೂಸು ಹುಷಾರಾಗಿದೆ. ಆದರೆ ಅಂಗನವಾಡಿಗೆ ಬಾ ಎಂದರೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಶಮಾಳ ಬೆನ್ನಿನಲ್ಲಿ ಎಷ್ಟು ಮುಳ್ಳು ಇದ್ದವು ಎಂದು ಅವಳು ಯಾರಿಗೂ ಹೇಳಲಿಲ್ಲ. "ಇರ್ಲಿ ಬಿಡ್ರಿ ಚಾಚಾ, ಮುಂದಿನ ವರ್ಷ ನಮ್ದು ಸ್ವಂತ ಖೋಲಿ ಆಕ್ಕೇತಿ," ಎಂದಳು.

ಅವಳು ಹಾಗೆಂದದ್ದಕ್ಕೆ ಕಾರಣವಿತ್ತು. ಅಂಗನವಾಡಿ ಕಟ್ಟಡ ಮಂಜೂರಾಗಿತ್ತು. ಜಾಗ ತೋರಿಸಿ ಎಂದಿದ್ದರು. ಗುರುಸಿದ್ದವ್ವ ತನ್ನ ಹೊಲದಲ್ಲಿ ಎರಡು ಗುಂಟೆ ಬರೆದುಕೊಟ್ಟಿದ್ದಳು. ಬಬಲೇಶ್ವರದಿಂದ ಸೊಸೆಯಾಗಿ ಬಂದವಳು, ಎಂಬತ್ತರ ಹತ್ತಿರ ವಯಸ್ಸು, ಯಾರಿಗೂ ಒಂದು ಬೊಗಸೆ ಜೋಳ ಹೆಚ್ಚು ಅಳೆದವಳಲ್ಲ. ಅವಳು ಎರಡು ಗುಂಟೆ ಬಿಟ್ಟುಕೊಟ್ಟಳು ಎಂದರೆ ವಸ್ತಿಯವರೇ ನಂಬಲಿಲ್ಲ. ಪಂಚಾಯತಿಯವರು ಜಾಗದ ಬಗ್ಗೆ ತಮ್ಮ ಕಚೇರಿಯ ಅಭಿಪ್ರಾಯ ಕೇಳಿದರು. ಸುರೈಯಾಳ ಮುಖದ ಬಾವು ಇಳಿಯುತ್ತಿದ್ದ ಅದೇ ವಾರ ತಮ್ಮ ಅಭಿಪ್ರಾಯ ಬಂತು. ಸದರಿ ಜಾಗ ಹಸಿರು ವಲಯದಲ್ಲಿದೆ, ಸುತ್ತ ಜನವಸತಿ ಇಲ್ಲ, ಆದ್ದರಿಂದ ಅಂಗನವಾಡಿಯ ಅಗತ್ಯ ಕಂಡುಬರುವುದಿಲ್ಲ. ಕಟ್ಟಡವನ್ನು ಯೋಜನೆಯಲ್ಲಿ ಗುರುತಿಸಿರುವ ಹಳದಿ ವಲಯದಲ್ಲಿ ಕಟ್ಟುವುದು ಸೂಕ್ತ.

ಗುರುಸಿದ್ದವ್ವನಿಗೆ ಓದಿ ಹೇಳಿದೆ. "ಏನಂದ್ರ ಯಣ್ಣಾ, ಮಂದಿ ಇಲ್ಲಂತ?" ಎಂದಳು. "ಹಂಗಾರ ನಾ ಯಾರ? ದೆವ್ವ? ದೆವ್ವ ಅಂತಾದ್ರೂ ಬರೀಲಿ, ದೆವ್ವಿನ ಮೊಮ್ಮಕ್ಕಳಿಗೂ ಅಂಗನವಾಡಿ ಬೇಕಲ್ಲ!"

ಹಳದಿ ವಲಯ ನೋಡಲು ಹೋದೆ. ಅದು ನಮ್ಮ ಹಳೆಯ ಮಡ್ಡಿ. ಕಲ್ಲು, ಜಾಲಿ, ಗಾಳಿ. ಬಿಜ್ಜರಗಿಯ ಕುರಿಯವರು ಸಹ ಅದನ್ನು ಬಳಸಿಕೊಂಡು ಹೋಗುತ್ತಾರೆ, ಕುರಿಗಳಿಗೂ ಮರ್ಯಾದೆ ಇರುತ್ತದೆ. ಅಲ್ಲಿ ತಮ್ಮ ನಕಾಶೆಯ ಪ್ರಕಾರ ಎರಡು ಸಾವಿರದ ನಲವತ್ತೊಂದರಲ್ಲಿ ನಾಲ್ಕು ಸಾವಿರ ಜನ ಇರುತ್ತಾರೆ, ಉದ್ಯಾನವನ ಇರುತ್ತದೆ, ನೀಲಿ ಬಣ್ಣದ ಅಂಗಡಿ ಸಾಲು ಇರುತ್ತದೆ. ಈಗ ಎರಡು ಓತಿಕ್ಯಾತ ಇವೆ. ಅವು ನನ್ನನ್ನು ನೋಡಿ ತಲೆ ಆಡಿಸಿದವು. ತಮ್ಮ ಯೋಜನೆಗೆ ಅಷ್ಟು ಮಂದಿಯಾದರೂ ಒಪ್ಪಿಗೆ ಕೊಟ್ಟಿದ್ದಾರೆ, ದಾಖಲು ಮಾಡಿಕೊಳ್ಳಬಹುದು.

ಮುಂದಿನದು ಕೇಳಿ. ಹೋದ ವಾರ ಅಂಗನವಾಡಿಯ ಗುತ್ತಿಗೆದಾರ ನನ್ನ ಮನೆಗೇ ಬಂದ. ಹೆಸರು ಬರೆಯುವುದಿಲ್ಲ, ಪರಿಚಯದವನು, ಹೊಟ್ಟೆಪಾಡಿನವನು. ಚಹಾ ಕುಡಿದು ಹೇಳಿದ:

"ಕಾಕಾ, ಮಡ್ಡಿ ಮ್ಯಾಲ ಒಂದ ಖೋಲಿ ಕಟ್ಟೋದೈತಿ. ಆ ಕಲ್ಲಿನಾಗ ಪಾಯಾ ಹಾಕೋದು ನಿಮ್ಮ ಹೊರ್ತು ಯಾರಿಗೂ ಬರೂದಿಲ್ಲ."

"ಏನ ಖೋಲಿ?"

"ಅಂಗನವಾಡಿ."

"ಯಾವ ಹುಡುಗ್ರಿಗೆ?"

ಅವನು ಚಹಾದ ಬಸಿ ಕೆಳಗಿಟ್ಟ. "ಹುಡುಗ್ರು ಪ್ಲ್ಯಾನಿನಾಗ ಅದಾವ ಕಾಕಾ."

"ಯಾವಾಗ ಹುಟ್ತಾವ?"

"ನಲವತ್ತೊಂದರೊಳಗ ಹುಟ್ಟತಾವ ಅಂತ ಬರದಾರ."

"ಹಂಗಾರ ಮೊದಲ ಬಾಣಂತಿ ಖೋಲಿ ಕಟ್ಟಪಾ. ಅಂಗನವಾಡಿಗೆ ಯಾಕ ಅವಸರ?"

ನಕ್ಕ. ನಾನೂ ನಕ್ಕೆ. ಆಮೇಲೆ ಅವನಿಗೆ ಬಾಗಿಲು ತೋರಿಸಿದೆ. ಐವತ್ತು ವರ್ಷದಲ್ಲಿ ನಾನು ಕೆಲಸ ಬೇಡ ಎಂದದ್ದು ಅದೇ ಮೊದಲು. ನನ್ನ ಮರಿಮೊಮ್ಮಗಳ ಅಂಗನವಾಡಿಯನ್ನು ನನ್ನ ಕೈಯಿಂದಲೇ ಓತಿಕ್ಯಾತಗಳಿಗೆ ಕಟ್ಟಿಸಲು ಹೊರಟಿರಲ್ಲ, ಇಷ್ಟು ಅಂದವಾದ ಯೋಜನೆಯನ್ನು ತಮ್ಮ ಇಡೀ ನಕಾಶೆಯಲ್ಲಿ ನಾನು ಇನ್ನೊಂದು ಕಡೆ ಕಾಣಲಿಲ್ಲ.

ಯೋಜನೆಯೇ ಬೇಡ ಎನ್ನುವವನಲ್ಲ ನಾನು. ಯೋಜನೆ ಇಲ್ಲದೆ ಕಟ್ಟಿದ ಊರಿನ ಅವಸ್ಥೆ ಗೊತ್ತಿದೆ. ಸೊಲ್ಲಾಪುರ ರಸ್ತೆಯ ಆಚೀಚೆ ನಾನೇ ಎಷ್ಟೋ ಮನೆ ಕಟ್ಟಿದ್ದೇನೆ, ಒಂದರ ಮೋರಿ ಇನ್ನೊಂದರ ಅಡುಗೆ ಮನೆಗೆ ಮುಖ ಮಾಡಿದ್ದನ್ನು ಕಂಡಿದ್ದೇನೆ. ಎಲ್ಲಿ ರಸ್ತೆ, ಎಲ್ಲಿ ಮನೆ, ಎಲ್ಲಿ ಕಾರಖಾನೆ ಎಂದು ಮೊದಲೇ ಕೂತು ತೀರ್ಮಾನಿಸುವುದು ಶಾಣ್ಯಾತನದ ಕೆಲಸ. ಒಂದು ಸಲ ಬರೆದ ಯೋಜನೆಯನ್ನು ಹಿಡಿದು ನಡೆಯಬೇಕು, ಒಬ್ಬೊಬ್ಬ ಬಂದು ಕೈಬಿಸಿ ಮಾಡಿದಾಗ ಒಂದೊಂದು ಗೆರೆ ಅಳಿಸಬಾರದು ಎಂಬುದನ್ನೂ ಒಪ್ಪುತ್ತೇನೆ. ಆದರೆ ಮನೆ ಕಟ್ಟುವವನು ಮೊದಲು ಮಾಡುವ ಕೆಲಸ ಜಾಗ ನೋಡುವುದು. ಮುಂಡಾಸು ಬಿಚ್ಚಿಟ್ಟು, ನೆಲದ ಮೇಲೆ ನಡೆದು, ಯಾರ ಮನೆಯ ನೀರು ಎಲ್ಲಿ ಹೋಗುತ್ತದೆ ಎಂದು ಕೇಳುವುದು. ತಮ್ಮ ಕಚೇರಿಯಿಂದ ನಮ್ಮ ವಸ್ತಿಗೆ ಒಂದೂವರೆ ತಾಸಿನ ದಾರಿ. ತಮ್ಮ ಯೋಜನೆ ಬರೆಯಲು ಮೂರು ವರ್ಷ ಹಿಡಿಯಿತಂತೆ. ಮೂರು ವರ್ಷದಲ್ಲಿ ಒಂದೂವರೆ ತಾಸು ಸಿಗಲಿಲ್ಲವೇ? ಆಕಾಶದ ಮೇಲಿನವನಿಗೆ ಮಾಡು ಕಾಣುತ್ತದೆ. ಒಳಗಿನ ಒಲೆ ಕಾಣಬೇಕಾದರೆ ಬಾಗಿಲಿಗೆ ಬರಬೇಕು. ತಲೆ ಬಗ್ಗಿಸಬೇಕಾಗುತ್ತದೆ, ನಮ್ಮ ಬಾಗಿಲು ಗಿಡ್ಡ.

ನಾವು ಕೇಳುವುದು ಎರಡೇ. ಯೋಜನೆಗೆ ಕೊನೆಯ ಮುದ್ರೆ ಒತ್ತುವ ಮೊದಲು ನಮ್ಮ ವಸ್ತಿಯನ್ನು ನಕಾಶೆಯಲ್ಲಿ ಬರೆಯಿರಿ. ಅದರ ಹೆಸರಿನಿಂದ, ಸ-ಗೆ ತ ಒತ್ತು ಕೊಟ್ಟೇ ಬರೆಯಿರಿ. ಬಣ್ಣ ಇಲ್ಲದಿದ್ದರೆ ಹೊಸ ಬಣ್ಣ ಒಂದನ್ನು ತನ್ನಿ, ಪೇಟೆಯಲ್ಲಿ ಸಿಗುತ್ತದೆ. ನಮ್ಮೊಬ್ಬರದಲ್ಲ, ಈ ಭಾಗದಲ್ಲಿ ಹೆಜ್ಜೆಗೊಂದು ವಸ್ತಿ ಇದೆ, ಎಲ್ಲರಿಗೂ ಆಗುತ್ತದೆ. ಮತ್ತು ಮಡ್ಡಿಯ ಅಂಗನವಾಡಿಯನ್ನು ಇವತ್ತೇ ನಿಲ್ಲಿಸಿ, ಮಕ್ಕಳಿರುವ ಕಡೆ ಕಟ್ಟಿಸಿ. ಬರಹದಲ್ಲಿ ಉತ್ತರ ಬೇಡ. ತಮ್ಮ ಉತ್ತರ ಓದುವ ಶಕ್ತಿ ಈ ವಯಸ್ಸಿನಲ್ಲಿ ನನಗಿಲ್ಲ. ಬೆಳಿಗ್ಗೆ ಹತ್ತಕ್ಕೆ ಬನ್ನಿ, ಮಕ್ಕಳು ಬಂದಿರುತ್ತವೆ. ತಾವೇ ಎಣಿಸಿಕೊಂಡು ಹೋಗಿ.

ಬರದಿದ್ದರೂ ಒಂದು ಸುದ್ದಿ ತಿಳಿಸುತ್ತೇನೆ, ಆಮೇಲೆ ಹೇಳಲಿಲ್ಲ ಎನ್ನಬೇಡಿ. ಮೊನ್ನೆ ಜೋಡಬಾವಿಯ ಕಟ್ಟೆಯ ಮೇಲೆ ವಸ್ತಿಯ ಎಲ್ಲರೂ ಕೂತಿದ್ದೆವು. ಕಾಯೋಣ, ಅರ್ಜಿ ಕೊಡೋಣ ಎಂದು ಕೆಲವರು. ಗುರುಸಿದ್ದವ್ವ ಎದ್ದು ನಿಂತಳು. "ಗೌಂಡಿ ನಮ್ಮಾಂವ, ಕಲ್ಲು ನಮ್ಮವು, ಜಾಗ ನಂದು. ಇನ್ನ ಯಾರ ಬಾಯಿ ನೋಡಾಕತ್ತೀರಿ?" ಎಂದಳು. ಶಿವಯೋಗೆಪ್ಪ ಪತ್ರಾಸು ನಂದು ಎಂದ. ಶಮಾ ಮನೆಗೆ ಹೋಗಿ ಖೋಲಿ ಎಷ್ಟು ಉದ್ದ ಎಷ್ಟು ಅಗಲ ಬೇಕು ಎಂದು ಪಾಟಿಯ ಮೇಲೆ ಬರೆದು ತಂದಳು. ಬಾಗಿಲು ಇಬ್ಬರು ಮಕ್ಕಳು ಒಟ್ಟಿಗೆ ಓಡಿ ಒಳಗೆ ಹೋಗುವಷ್ಟು ಅಗಲ ಇರಲಿ ಎಂದು ಕೆಳಗೆ ಬರೆದಿದ್ದಳು. ನಾನು ಐವತ್ತು ವರ್ಷದಲ್ಲಿ ಕೈಯಲ್ಲಿ ಹಿಡಿದ ನಕಾಶೆಗಳಲ್ಲಿ ಅದಕ್ಕಿಂತ ಚೆನ್ನಾದದ್ದು ಇಲ್ಲ.

ಬರುವ ಸೋಮವಾರ ಪಾಯಾ ತೋಡುತ್ತೇನೆ. ಯಾವ ಪರವಾನಗಿಯೂ ಇಲ್ಲ. ತಮ್ಮ ಕಾನೂನಿನ ಪ್ರಕಾರ ಅದು ಅನಧಿಕೃತ ಕಟ್ಟಡ, ತಾವು ನೋಟೀಸು ಕೊಡಲೇಬೇಕಾಗುತ್ತದೆ. ಕೊಡಿ, ತಪ್ಪಿಲ್ಲ. ಆದರೆ ನೋಟೀಸಿಗೆ ವಿಳಾಸ ಬೇಕಲ್ಲ? ಯಾರೂ ಇಲ್ಲದ ಹಸಿರು ಹೊಲಕ್ಕೆ ಟಪಾಲು ಹೋಗುವುದಿಲ್ಲ. ಬಾವಿಯ ಹೆಸರಿಗೆ ನೋಟೀಸು ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಯಾವ ಊರು, ಯಾವ ಮನೆ, ಎಷ್ಟು ಜನ ಎಂದು ತಾವು ಬರೆಯಲೇಬೇಕು. ಕೆಳಗೆ ಸಹಿ ಹಾಕಲೇಬೇಕು, ಮುದ್ರೆ ಒತ್ತಲೇಬೇಕು. ಜೋಡಬಾವಿ ವಸ್ತಿ ಇದೆ, ಅಲ್ಲಿ ಜನ ಇದ್ದಾರೆ ಎಂದು ತಮ್ಮ ಕಚೇರಿ ಒಪ್ಪಿಕೊಂಡ ಮೊದಲ ಕಾಗದ ಅದು. ಬೇಗ ಕಳಿಸಿ ಸಾಹೇಬರೇ. ಅದನ್ನು ಚೌಕಟ್ಟು ಹಾಕಿಸಿ ನಮ್ಮ ಅಂಗನವಾಡಿಯ ಗೋಡೆಗೆ ತೂಗುಹಾಕುತ್ತೇವೆ, ಒಂದು ಮೊಳೆಯ ಜಾಗ ಬಿಟ್ಟೇ ಗಿಲಾವು ಮಾಡುತ್ತೇನೆ.

ಇಂತಿ,
ತಮ್ಮ ಹಸಿರು ಬಣ್ಣದ ಅಡಿಯಲ್ಲಿ ಎಪ್ಪತ್ತೊಂದು ವರ್ಷದಿಂದ ತಾತ್ಕಾಲಿಕವಾಗಿ ತಂಗಿರುವ
ಲಾಡಲೇಸಾಬ ಗೌಂಡಿ
ಜೋಡಬಾವಿ ವಸ್ತಿ